ಅಂಟಿಸಿದ ಪ್ರಾಣಿ, ಹುಟ್ಟಿದ ಪ್ರಾಣಿ

ಭೂತಾನ್‌ನ ರಾಷ್ಟ್ರೀಯ ಪ್ರಾಣಿ ಟಾಕಿನ್. ಮೈ ಹಸುವಿನಂತೆ ದಪ್ಪ, ತಲೆ ಮೇಕೆಯಂತೆ, ಮೂಗು ಮಾತ್ರ ಬೇರೆ ಯಾರದ್ದೋ ಎನ್ನುವಷ್ಟು ಉಬ್ಬಿಕೊಂಡಿರುತ್ತದೆ. ಅದು ಹುಟ್ಟಿದ್ದು ಹೇಗೆ ಎಂಬುದಕ್ಕೆ ಅಲ್ಲಿ ಒಂದು ಕಥೆ ಹೇಳುತ್ತಾರೆ. ದ್ರುಕ್ಪಾ ಕುನ್ಲೆ ಎಂಬ ಹುಚ್ಚಾಟದ ಬೌದ್ಧ ಗುರುವನ್ನು ಜನ ಪವಾಡ ತೋರಿಸು ಎಂದು ಕೇಳಿದರಂತೆ. ಮೊದಲು ಊಟ ಹಾಕಿ ಎಂದನಂತೆ ಆತ. ಒಂದು ಹಸು, ಒಂದು ಮೇಕೆ ಪೂರ್ತಿ ತಿಂದು ಮುಗಿಸಿದ. ಆಮೇಲೆ ಮೇಕೆಯ ತಲೆಬುರುಡೆಯನ್ನು ಹಸುವಿನ ಎಲುಬುಗೂಡಿಗೆ ಸಿಕ್ಕಿಸಿ, ಏಳು ಎಂದ. ಅದು ಎದ್ದು ಬೆಟ್ಟದ ಕಡೆ ಮೇಯಲು ಹೊರಟಿತು.

ಕಲ್ಪನೆಯ ಪ್ರಾಣಿ ಕಟ್ಟಲು ಕೂತ ಚಿತ್ರಗಾರರು, ಕಥೆಗಾರರು, ಗೇಮ್ ಮಾಡುವವರು ಸಾಮಾನ್ಯವಾಗಿ ಹಿಡಿಯುವ ದಾರಿಯೂ ಇದೇ. ಒಂದು ದೇಶದ ರಾಷ್ಟ್ರೀಯ ಪ್ರಾಣಿ, ಅದೇ ದೇಶದ ಹೂವೋ ಮರವೋ, ಎರಡನ್ನೂ ತಂದು ಅಂಟಿಸುವುದು. ಹುಲಿಯ ಬೆನ್ನ ಮೇಲೆ ಕಮಲದ ದಳ. ಕಾಂಗರೂ ಬಾಲದ ತುದಿಗೆ ಹಳದಿ ಜಾಲಿ ಹೂವಿನ ಗೊಂಚಲು. ನೋಡಲು ಚೆನ್ನಾಗಿಯೇ ಇರುತ್ತದೆ. ಎರಡನೇ ಸಲ ನೋಡಿದಾಗ ಮಾತ್ರ ಅದರ ಬಗ್ಗೆ ಕೇಳಲು ಏನೂ ಉಳಿದಿರುವುದಿಲ್ಲ.

ಪವಾಡ ಬಿಟ್ಟು ನಿಜವಾದ ಟಾಕಿನ್ ನೋಡಿ. ಅದು ಕುರಿ-ಮೇಕೆಗಳ ಬಳಗದ್ದು, ಇರುವುದು ಹಿಮಾಲಯದ ಎತ್ತರದಲ್ಲಿ. ಆ ಉಬ್ಬಿದ ಮೂಗಿನೊಳಗೆ ದೊಡ್ಡ ಪೊಳ್ಳುಗಳಿವೆ. ಎಳೆದುಕೊಂಡ ಚಳಿಗಾಳಿ ಶ್ವಾಸಕೋಶಕ್ಕೆ ಇಳಿಯುವ ಮೊದಲು ಅಲ್ಲಿ ಬೆಚ್ಚಗಾಗುತ್ತದೆ. ಚರ್ಮದಿಂದ ಎಣ್ಣೆಯಂಥ ಜಿಡ್ಡು ಒಸರಿ, ಮಳೆ-ಮಂಜು ಮೈಗೆ ಇಳಿಯದಂತೆ ತಡೆಯುತ್ತದೆ. ಅಂಟಿಸಿದಂತೆ ಕಾಣುವ ಮುಖ ಚಳಿಗೆ ಕೊಟ್ಟ ಉತ್ತರ. ಕಲ್ಪನೆಯ ಪ್ರಾಣಿಯೂ ಹೀಗೆ ಯಾವುದೋ ಒಂದು ಕಷ್ಟಕ್ಕೆ ಉತ್ತರವಾಗಿ ಹುಟ್ಟಿದರೆ ಜೀವಂತ ಅನಿಸುತ್ತದೆ. ಇದನ್ನು ಹೇಗೆ ಮಾಡುವುದು ಎಂದು ನೋಡೋಣ.

ಲಾಂಛನ ಬೇರೆ, ಪ್ರಾಣಿ ಬೇರೆ

ಮೊದಲಿಗೆ ಒಂದು ತಮಾಷೆ. ದೇಶಗಳ ಗುರುತಿನ ಪ್ರಾಣಿಗಳಲ್ಲಿ ಕೆಲವು ಈಗಾಗಲೇ ಕಲ್ಪನೆಯವೇ. ಸ್ಕಾಟ್ಲೆಂಡ್‌ನ ರಾಷ್ಟ್ರೀಯ ಪ್ರಾಣಿ ಒಂಟಿಕೊಂಬಿನ ಕುದುರೆ, ಅಂದರೆ ಯೂನಿಕಾರ್ನ್. ವೇಲ್ಸ್‌ನ ಧ್ವಜದ ಮೇಲೆ ಕೆಂಪು ಡ್ರ್ಯಾಗನ್. ಇಂಡೋನೇಷ್ಯಾದ ಲಾಂಛನ ಗರುಡ.

ಯೂನಿಕಾರ್ನ್‌ನ ಹುಟ್ಟನ್ನು ಹುಡುಕಿ ಹೋದರೆ ದಾರಿ ಭಾರತಕ್ಕೇ ಬರುತ್ತದೆ. ಸುಮಾರು 2,400 ವರ್ಷಗಳ ಹಿಂದೆ ಪರ್ಷಿಯಾದ ಅರಮನೆಯಲ್ಲಿ ವೈದ್ಯನಾಗಿದ್ದ ಟೀಸಿಯಸ್ ಎಂಬ ಗ್ರೀಕ್, ಭಾರತದಲ್ಲಿ ಒಂಟಿಕೊಂಬಿನ ಕಾಡುಕತ್ತೆಗಳಿವೆ ಎಂದು ಬರೆದ. ಆತ ಭಾರತಕ್ಕೆ ಬಂದವನಲ್ಲ, ಬಂದವರ ಬಾಯಲ್ಲಿ ಕೇಳಿದವನು. ಅವರು ಹೇಳಿದ್ದು ಬಹುಶಃ ಘೇಂಡಾಮೃಗದ ವಿಷಯ. ಮುಂದೆ ಯುರೋಪಿನಲ್ಲಿ ನಾರ್‌ವಾಲ್ ಎಂಬ ಕಡಲ ಪ್ರಾಣಿಯ ದಂತವನ್ನು ಯೂನಿಕಾರ್ನ್ ಕೊಂಬು ಎಂದು ಮಾರಿದರು. ತಿರುಚಿದ ಆ ಕೊಂಬಿನ ಆಕಾರ ಬಂದದ್ದು ಅಲ್ಲಿಂದ. ಸ್ಕಾಟ್ಲೆಂಡ್‌ನ ರಾಜಲಾಂಛನದಲ್ಲಿ ಈ ಪ್ರಾಣಿಗೆ ಚಿನ್ನದ ಸರಪಳಿ ಬಿಗಿದಿದೆ. ನನಗೆ ಕೊಂಬಿಗಿಂತ ಆ ಸರಪಳಿಯೇ ಇಷ್ಟ. ಅದು ಪಳಗದ ಪ್ರಾಣಿ ಎಂಬುದನ್ನು ಅಷ್ಟು ಸುಲಭವಾಗಿ ಹೇಳುವ ಇನ್ನೊಂದು ಗುರುತು ಸಿಗುವುದು ಕಷ್ಟ.

ಸಿಂಗಪುರದ ಮರ್‌ಲಯನ್ ತೀರಾ ಇತ್ತೀಚಿನದು. ತಲೆ ಸಿಂಹದ್ದು, ಮೈ ಮೀನಿನದು. 1964ರಲ್ಲಿ ಅಲ್ಲಿನ ಪ್ರವಾಸೋದ್ಯಮ ಮಂಡಳಿಯ ಲಾಂಛನಕ್ಕಾಗಿ ಇದನ್ನು ರೂಪಿಸಿದ ಅಲೆಕ್ ಫ್ರೇಸರ್-ಬ್ರನರ್ ವೃತ್ತಿಯಿಂದ ಮೀನುಗಳ ತಜ್ಞ. ಸಿಂಹ ಊರಿನ ಹೆಸರಿಗೆ, ಮೀನು ಊರಿನ ಹಳೆಯ ಕಸುಬಿಗೆ. ಲಾಂಛನವಾಗಿ ಇದು ಅಚ್ಚುಕಟ್ಟು. ಪ್ರಾಣಿಯಾಗಿ ನೋಡಿದರೆ ಪ್ರಶ್ನೆಗಳು ಶುರುವಾಗುತ್ತವೆ. ಉಸಿರಾಡುವುದು ಹೇಗೆ? ನೀರಿನಲ್ಲಿ ಆ ಕೇಸರ ಅಡ್ಡ ಬರುವುದಿಲ್ಲವೇ? ಮುಂಗಾಲಿಲ್ಲದೆ ಬೇಟೆ ಹೇಗೆ ಹಿಡಿಯುತ್ತದೆ? ಲಾಂಛನ ಇದಕ್ಕೆಲ್ಲ ಉತ್ತರ ಕೊಡಬೇಕಾಗಿಲ್ಲ. ಅದರ ಕೆಲಸ ಒಂದು ನೋಟಕ್ಕೆ ಗುರುತು ಹತ್ತುವುದು, ಅಷ್ಟೇ.

ಅದೇ ಸಿಂಗಪುರದ ರಾಷ್ಟ್ರೀಯ ಹೂವು ವಾಂಡಾ ಮಿಸ್ ಜೋಕಿಮ್, 1981ರಲ್ಲಿ ಆಯ್ಕೆಯಾದದ್ದು. ಅದೂ ಎರಡು ಜಾತಿಗಳನ್ನು ಕೂಡಿಸಿ ಬಂದ ಆರ್ಕಿಡ್. ಆದರೆ ಅದರಲ್ಲಿ ಯಾವ ದಳ ಯಾರದ್ದು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಬಣ್ಣ, ಎಲೆ, ಕಾಂಡ, ಎಲ್ಲ ಕಡೆಯೂ ಇಬ್ಬರು ತಂದೆತಾಯಿಯರೂ ಬೆರೆತುಹೋಗಿದ್ದಾರೆ. ಒಂದೇ ಊರಿನ ಎರಡು ಗುರುತುಗಳಲ್ಲಿ ಒಂದು ಅಂಟಿಸಿದ್ದು, ಇನ್ನೊಂದು ಹುಟ್ಟಿದ್ದು. ನಮಗೆ ಬೇಕಾದದ್ದು ಎರಡನೆಯದು.

ಹಾಗಂತ ತುಂಡು ಜೋಡಿಸುವ ಹಳೆಯ ಕಲೆಯನ್ನು ತಳ್ಳಿಹಾಕುವಂತಿಲ್ಲ. ಕರ್ನಾಟಕದ ಲಾಂಛನದ ಗಂಡಭೇರುಂಡ ಸುಮ್ನೆ ಎರಡು ತಲೆಯ ಹಕ್ಕಿ ಎಂದರೆ ಅದರ ಭಯ ಗೊತ್ತಾಗುವುದಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಂದು ಕೆತ್ತನೆ ಇದೆ. ಜಿಂಕೆಯನ್ನು ಹೆಬ್ಬಾವು ಹಿಡಿದಿದೆ. ಆ ಹೆಬ್ಬಾವನ್ನು ಆನೆ ಎತ್ತಿದೆ. ಆನೆಯ ಮೇಲೆ ಸಿಂಹ ಎರಗಿದೆ. ಸಿಂಹವನ್ನು ಶರಭ ಎಂಬ ಪುರಾಣದ ಪ್ರಾಣಿ ತಿನ್ನುತ್ತಿದೆ. ಕೊನೆಗೆ ಶರಭವನ್ನೇ ಗಂಡಭೇರುಂಡ ಮುಗಿಸುತ್ತಿದೆ. ಯಾರು ಯಾರನ್ನು ತಿನ್ನುತ್ತಾರೆ ಎಂಬ ಸರಣಿಯ ತುದಿಯಲ್ಲಿ ನಿಲ್ಲಿಸಿದ ಕೂಡಲೇ ಆ ಹಕ್ಕಿಯ ಬಲವನ್ನು ಬೇರೆ ವಿವರಿಸಬೇಕಾಗಿಲ್ಲ. 12ನೇ ಶತಮಾನದ ಶಿಲ್ಪಿಗೆ ಇದು ಚೆನ್ನಾಗಿ ಗೊತ್ತಿತ್ತು.

ಒಡಿಯಾದಲ್ಲಿ ಸಾರಳಾ ದಾಸ ಬರೆದ ಮಹಾಭಾರತದ ನವಗುಂಜರ ಇನ್ನೂ ಜಾಣತನದ್ದು. ಕೋಳಿಯ ತಲೆ, ನವಿಲಿನ ಕತ್ತು, ಎತ್ತಿನ ಡುಬ್ಬ, ಸಿಂಹದ ನಡು, ಹಾವಿನ ಬಾಲ, ಹೀಗೆ ಒಂಬತ್ತು ಜೀವಗಳ ಕೂಟ. ಅರ್ಜುನ ಬಾಣ ಹೂಡುತ್ತಾನೆ. ಆಗ ಕಾಲಿರಬೇಕಾದ ಒಂದು ಕಡೆ ಕಮಲ ಹಿಡಿದ ಮನುಷ್ಯನ ಕೈ ಕಾಣುತ್ತದೆ. ಬಂದವನು ಕೃಷ್ಣ ಎಂದು ಗೊತ್ತಾಗಿ ಬಿಲ್ಲು ಇಳಿಸುತ್ತಾನೆ. ಎಂಟು ತುಂಡುಗಳು ಗೊಂದಲ ಹುಟ್ಟಿಸಲು, ಒಂಬತ್ತನೆಯದು ಅದನ್ನು ಬಿಡಿಸಲು. ಜೋಡಿಸುವುದೇ ಆದರೆ ಹೀಗೆ ಜೋಡಿಸಬೇಕು, ಅಲ್ವಾ?

ಮೈಗೂ ಒಂದು ಲೆಕ್ಕವಿದೆ

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ನಿಯಮ ಎರಡೇ. ಒಂದು, ಬೆನ್ನೆಲುಬಿರುವ ಪ್ರಾಣಿಗಳಿಗೆ ಕೈಕಾಲು ನಾಲ್ಕಕ್ಕಿಂತ ಜಾಸ್ತಿ ಇರುವುದಿಲ್ಲ. ಹಕ್ಕಿಯ ರೆಕ್ಕೆ ಅದರ ಮುಂಗಾಲೇ. ಬಾವಲಿಯ ರೆಕ್ಕೆ ಎಂದರೆ ಉದ್ದವಾದ ಬೆರಳುಗಳ ನಡುವೆ ಹಿಗ್ಗಿಸಿದ ಚರ್ಮ. ವೇಲ್ಸ್‌ನ ಡ್ರ್ಯಾಗನ್‌ಗೆ ನಾಲ್ಕು ಕಾಲು, ಮೇಲೆ ಎರಡು ರೆಕ್ಕೆ. ಒಟ್ಟು ಆರು. ಇಡಬಾರದು ಎಂದಲ್ಲ. ಇಟ್ಟರೆ ನಿಮ್ಮ ಲೋಕದಲ್ಲಿ ಆರು ಅಂಗದ ಬೇರೆ ಪ್ರಾಣಿಗಳೂ ಓಡಾಡುತ್ತಿರಬೇಕು. ಇಲ್ಲದಿದ್ದರೆ ಅದೊಂದೇ ಆಕಾಶದಿಂದ ಬಿದ್ದಂತೆ ಕಾಣುತ್ತದೆ.

ಎರಡನೆಯದು ಗಾತ್ರ. ಗೆಲಿಲಿಯೋ 1638ರಲ್ಲೇ ಬರೆದದ್ದು. ಒಂದು ಪ್ರಾಣಿಯ ಉದ್ದ, ಅಗಲ, ಎತ್ತರ ಎಲ್ಲವನ್ನೂ ಎರಡು ಪಟ್ಟು ಮಾಡಿದರೆ ತೂಕ ಎಂಟು ಪಟ್ಟಾಗುತ್ತದೆ. ಆದರೆ ಕಾಲಿನ ಮೂಳೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಸಿಗುವ ವಿಸ್ತೀರ್ಣ ನಾಲ್ಕು ಪಟ್ಟು ಮಾತ್ರ. ಅದಕ್ಕೇ ಆನೆಯ ಕಾಲು ಜಿಂಕೆಯ ಕಾಲಿನ ದೊಡ್ಡ ಪ್ರತಿ ಅಲ್ಲ, ಕಂಬ. ಬೆಟ್ಟದಷ್ಟು ದೊಡ್ಡ ಜಿಂಕೆ ಬರೆಯುವವರು ಅದರ ಸಪೂರ ಕಾಲನ್ನು ಮರೆಯಬೇಕಾಗುತ್ತದೆ.

ಗಿಡದಿಂದ ಏನು ತೆಗೆದುಕೊಳ್ಳುವುದು?

ಹೆಚ್ಚಿನ ಕಲ್ಪನೆಗಳು ಸೋಲುವುದು ಇಲ್ಲಿ. ಗಿಡ ಎಂದರೆ ಹಸಿರು ಬಣ್ಣ, ಎಲೆ, ಹೂವು ಎಂದುಕೊಂಡು ಪ್ರಾಣಿಗೆ ಒಡವೆ ತೊಡಿಸಿದಂತೆ ತೊಡಿಸಿಬಿಡುತ್ತೇವೆ. ಮೈಯೆಲ್ಲ ಎಲೆ ಇರುವ ಜಿಂಕೆ ಬಿಸಿಲು ಕುಡಿದು ಬದುಕುತ್ತದೆ ಎನ್ನುವುದು ಎಲ್ಲರಿಗೂ ಹೊಳೆಯುವ ಮಾತು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಡು ಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರ್ ಮೇಲೆ ಸುಮಾರು 1,000 ವ್ಯಾಟ್ ಸುರಿಯುತ್ತದೆ. ಅದರಲ್ಲಿ ಎಲೆ ಆಹಾರವಾಗಿ ಉಳಿಸಿಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು. ಅಂದರೆ 10ರಿಂದ 20 ವ್ಯಾಟ್. ಮನುಷ್ಯನಷ್ಟು ತೂಕದ ಜಿಂಕೆಗೆ ಸುಮ್ನೆ ಮಲಗಿರಲೂ 80 ವ್ಯಾಟ್ ಬೇಕು. ಅದರ ಬೆನ್ನ ಮೇಲೆ ಬಿಸಿಲು ಬೀಳುವ ಜಾಗ ಒಂದು ಚದರ ಮೀಟರ್ ಇದ್ದರೆ ಹೆಚ್ಚು. ರಾತ್ರಿ ಬೇರೆ ಇದೆ, ಮೋಡ ಬೇರೆ ಇದೆ. ಓಡುವ ಮಾತಂತೂ ದೂರವೇ ಉಳಿಯಿತು.

ನಿಜದಲ್ಲಿ ಇಂಥ ಪ್ರಾಣಿ ಇದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಎಲೀಸಿಯಾ ಕ್ಲೋರೋಟಿಕಾ ಎಂಬ ಕಡಲ ಗೊಂಡೆಹುಳು (ಚಿಪ್ಪಿಲ್ಲದ ಬಸವನಹುಳು) ಪಾಚಿ ತಿಂದು, ಅದರ ಹಸಿರು ಕಣಗಳನ್ನು ಕರಗಿಸದೆ ತನ್ನ ಮೈಯೊಳಗೆ ಇಟ್ಟುಕೊಳ್ಳುತ್ತದೆ. ತಿಂಗಳುಗಟ್ಟಲೆ ಊಟವಿಲ್ಲದೆ ಇರಬಲ್ಲದು. ಆದರೆ ಅದರ ಆಕಾರ ನೋಡಿ: ಒಂದು ಎಲೆಯಷ್ಟೇ ಚಪ್ಪಟೆ, ಎಲೆಯಷ್ಟೇ ನಿಧಾನ. ಬಿಸಿಲು ತಿನ್ನಬೇಕಾದರೆ ಎಲೆಯೇ ಆಗಬೇಕು. ನಿಮ್ಮ ಎಲೆಜಿಂಕೆ ವಾರದಲ್ಲಿ ಒಂದು ದಿನ ಮಾತ್ರ ಓಡಬಲ್ಲದು, ಉಳಿದ ದಿನ ಬಿಸಿಲಿಗೆ ಮೈಯೊಡ್ಡಿ ಬಿದ್ದಿರುತ್ತದೆ ಎಂದು ಬರೆದು ನೋಡಿ. ಕೂಡಲೇ ಕಥೆ ಶುರುವಾಗುತ್ತದೆ. ಬೇಟೆಗಾರನಿಗೆ ಆ ಒಂದು ದಿನ ಯಾವುದು ಎಂದು ಗೊತ್ತಾದರೆ?

ಮಧ್ಯಯುಗದ ಯುರೋಪಿನಲ್ಲಿ ಹತ್ತಿಯ ಬಗ್ಗೆ ಒಂದು ನಂಬಿಕೆ ಇತ್ತು. ದೂರದ ಏಷ್ಯಾದಲ್ಲಿ ಒಂದು ಗಿಡದಲ್ಲಿ ಕುರಿಮರಿ ಬಿಡುತ್ತದೆ, ಹೊಕ್ಕುಳಿಗೆ ಕಾಂಡ ಕಟ್ಟಿಕೊಂಡೇ ಸುತ್ತ ಮೇಯುತ್ತದೆ, ಕಾಂಡ ಎಟುಕುವಷ್ಟು ಹುಲ್ಲು ಮುಗಿದಾಗ ಸಾಯುತ್ತದೆ ಎಂದು. ಹತ್ತಿ ನೋಡದವರು ಉಣ್ಣೆಯ ಲೆಕ್ಕದಲ್ಲಿ ಅದನ್ನು ಊಹಿಸಿಕೊಂಡದ್ದು. ಸುಳ್ಳಾದರೂ ಎಷ್ಟು ಗಟ್ಟಿ ಕಲ್ಪನೆ! ಗಿಡದ ಕಷ್ಟ ಏನು? ಜಾಗ ಬಿಟ್ಟು ಹೋಗಲು ಆಗದು. ಆ ಒಂದು ಕಷ್ಟವನ್ನು ಕುರಿಗೆ ಕೊಟ್ಟರು. ಬೇರೇನೂ ಕೊಡಲಿಲ್ಲ.

ಗಿಡದಿಂದ ತೆಗೆದುಕೊಳ್ಳಬೇಕಾದದ್ದು ಇಂಥದ್ದು. ಅದರ ಕಾಲದ ಲೆಕ್ಕ, ಅದರ ಮೋಸ, ಅದರ ಕಾಯುವಿಕೆ. ಇಂಡೋನೇಷ್ಯಾದ ಮೂರು ರಾಷ್ಟ್ರೀಯ ಹೂವುಗಳಲ್ಲಿ ರಫ್ಲೇಸಿಯಾ ಒಂದು. ಅದಕ್ಕೆ ಎಲೆ ಇಲ್ಲ, ಕಾಂಡ ಇಲ್ಲ, ಬೇರೂ ಇಲ್ಲ. ಒಂದು ಬಳ್ಳಿಯೊಳಗೆ ನೂಲಿನಂತೆ ಅಡಗಿದ್ದು, ಹೂವಾಗಿ ಮಾತ್ರ ಹೊರಬರುತ್ತದೆ. ಆ ಹೂವು ಒಂದು ಮೀಟರ್ ಅಗಲದವರೆಗೂ ಇರಬಹುದು, ಕೊಳೆತ ಮಾಂಸದ ನಾತದಿಂದ ನೊಣಗಳನ್ನು ಕರೆಯುತ್ತದೆ, ಒಂದು ವಾರದೊಳಗೆ ಕಪ್ಪಾಗಿ ಕುಸಿಯುತ್ತದೆ. ಇದರ ಕೆಂಪು ಬಣ್ಣ, ಬಿಳಿ ಚುಕ್ಕೆ ತೆಗೆದುಕೊಂಡು ಅಲ್ಲಿನ ದೈತ್ಯ ಹಲ್ಲಿ ಕೊಮೋಡೋ ಡ್ರ್ಯಾಗನ್‌ಗೆ ಬಳಿಯುವುದು ಸುಲಭ. ಅದರ ಬದಲು ಇನ್ನೊಂದು ಪ್ರಾಣಿಯೊಳಗೆ ವರ್ಷಗಟ್ಟಲೆ ಯಾರಿಗೂ ಕಾಣದೆ ಇದ್ದು, ಒಂದು ವಾರ ಮಾತ್ರ ಹಲ್ಲಿಯಾಗಿ ಹೊರಬರುವ ಜೀವಿಯನ್ನು ಯೋಚಿಸಿ.

ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಹೂವು ಕಿಂಗ್ ಪ್ರೋಟಿಯಾ. ಕಾಳ್ಗಿಚ್ಚು ಬಂದು ಮೇಲಿನದೆಲ್ಲ ಸುಟ್ಟರೂ ನೆಲದೊಳಗಿನ ದಪ್ಪ ಕಾಂಡದಲ್ಲಿ ಮಲಗಿದ್ದ ಮೊಗ್ಗುಗಳು ಮತ್ತೆ ಚಿಗುರುತ್ತವೆ. ಅಲ್ಲಿನ ರಾಷ್ಟ್ರೀಯ ಪ್ರಾಣಿ ಸ್ಪ್ರಿಂಗ್‌ಬಾಕ್ ಎಂಬ ಜಿಂಕೆ. ಅದರ ಬೆನ್ನಿನಲ್ಲಿ ಒಂದು ಮಡಿಕೆ ಇದೆ. ಕಾಲು ನೆಟ್ಟಗೆ ಮಾಡಿ ನೆಗೆಯುವಾಗ ಅದು ಬಿಚ್ಚಿಕೊಂಡು ಒಳಗಿನ ಬಿಳಿ ಕೂದಲು ಬೀಸಣಿಗೆಯಂತೆ ಅರಳುತ್ತದೆ. ಬೆಂಕಿ ಬಿದ್ದ ವರ್ಷ ಮಾತ್ರ ಆ ಮಡಿಕೆ ಅರಳುವ, ಆ ವರ್ಷವೇ ಮರಿ ಹಾಕುವ ಜಿಂಕೆ ಬೇಡವೇ? ಹೂವಿನ ಒಂದು ದಳವನ್ನೂ ಅಂಟಿಸಿಲ್ಲ, ಆದರೂ ಅದರಲ್ಲಿ ಪ್ರೋಟಿಯಾ ಪೂರ್ತಿ ಇದೆ.

ಕೆಲವು ಕಡೆ ಪ್ರಾಣಿ-ಗಿಡಗಳ ನಂಟು ನಿಜದಲ್ಲೇ ಇರುತ್ತದೆ. ಮಡಗಾಸ್ಕರ್‌ನ ಗುರುತಾದ ರಾವೆನಾಲಾ ಮರದ ಹೂವನ್ನು ಕೋತಿಯಂಥ ಲೆಮೂರ್‌ಗಳು ಕೈಯಿಂದ ಬಿಡಿಸಿ ಮಕರಂದ ಕುಡಿಯುತ್ತವೆ, ಮೂತಿಗೆ ಮೆತ್ತಿದ ಪರಾಗ ಮುಂದಿನ ಮರಕ್ಕೆ ಹೋಗುತ್ತದೆ. ಆ ಮರದ ಬೀಜಕ್ಕೆ ಹೊಳೆಯುವ ನೀಲಿ ಹೊದಿಕೆ ಬೇರೆ. ಇಲ್ಲಿ ಎರಡನ್ನೂ ಕೂಡಿಸಲೇಬೇಕೆಂದಿಲ್ಲ. ನಂಟನ್ನೇ ಒಂದು ಹೆಜ್ಜೆ ಮುಂದೆ ಎಳೆದರೆ ಸಾಕು.

ನಮೀಬಿಯಾದ ಒಂದು ಪ್ರಾಣಿ

ಒಂದು ಪೂರ್ತಿ ಕಟ್ಟೋಣ. ನಾನು ಆಯ್ದುಕೊಳ್ಳುವುದು ನಮೀಬಿಯಾ. ಅಲ್ಲಿನ ಲಾಂಛನದ ಎರಡೂ ಪಕ್ಕ ಓರಿಕ್ಸ್ ಎಂಬ ದೊಡ್ಡ ಜಿಂಕೆ, ಕೆಳಗೆ ವೆಲ್‌ವಿಚಿಯಾ ಎಂಬ ಗಿಡ.

ಮೊದಲು ಕಷ್ಟ ಏನೆಂದು ನೋಡಬೇಕು. ನಮಿಬ್ ಮರುಭೂಮಿಯಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಪಕ್ಕದ ಕಡಲಿನಲ್ಲಿ ತಣ್ಣನೆಯ ಬೆಂಗೆಲಾ ಪ್ರವಾಹ ಹರಿಯುತ್ತದೆ. ಅದರ ಮೇಲಿನ ಗಾಳಿ ತಂಪಾಗಿ ಮಂಜು ಕಟ್ಟಿ ಒಳನಾಡಿಗೆ ಸಾಗುತ್ತದೆ. ನೀರು ಇದೆ, ಆದರೆ ಗಾಳಿಯಲ್ಲಿದೆ. ಅಲ್ಲಿನ ಒಂದು ಜಾತಿಯ ಜೀರುಂಡೆ ಮರಳಗುಡ್ಡದ ನೆತ್ತಿಯಲ್ಲಿ ತಲೆ ಕೆಳಗೆ ಮಾಡಿ ನಿಂತು, ಬೆನ್ನಿನ ಮೇಲೆ ಹನಿಗಟ್ಟಿದ ಮಂಜು ಬಾಯಿಗೆ ಇಳಿಯುವಂತೆ ಮಾಡಿಕೊಳ್ಳುತ್ತದೆ.

ಓರಿಕ್ಸ್ ಈ ಕಷ್ಟವನ್ನು ತನ್ನದೇ ರೀತಿಯಲ್ಲಿ ಬಗೆಹರಿಸಿಕೊಂಡಿದೆ. ಬೆವರು ಸುರಿಸಿ ನೀರು ಕಳೆಯುವ ಬದಲು ಮೈ ಬಿಸಿ ಏರಲು ಬಿಡುತ್ತದೆ. ಮೆದುಳಿಗೆ ಹೋಗುವ ರಕ್ತ ಮಾತ್ರ ರಕ್ತನಾಳಗಳ ಒಂದು ಬಲೆಯ ಮೂಲಕ ಹಾಯ್ದು, ಮೂಗಿನಿಂದ ಬಂದ ತಂಪಿನಲ್ಲಿ ಆರುತ್ತದೆ. ಗಂಡು-ಹೆಣ್ಣು ಎರಡಕ್ಕೂ ಈಟಿಯಂಥ ಎರಡು ನೇರ ಕೊಂಬು. ಮುಖದ ಮೇಲೆ ಕಪ್ಪು-ಬಿಳುಪಿನ ಮುಖವಾಡ.

ವೆಲ್‌ವಿಚಿಯಾ ಇನ್ನೂ ವಿಚಿತ್ರ. ಜೀವಮಾನವಿಡೀ ಅದಕ್ಕೆ ಎರಡೇ ಎಲೆ. ಆ ಎರಡೂ ಬುಡದಿಂದ ಬೆಳೆಯುತ್ತಲೇ ಇರುತ್ತವೆ. ತುದಿ ಗಾಳಿಗೆ ಸೀಳಿ, ಒಣಗಿ, ಪಟ್ಟಿಪಟ್ಟಿಯಾಗಿ ನೆಲದ ಮೇಲೆ ಬಿದ್ದಿರುತ್ತದೆ. ದೂರದಿಂದ ನೋಡಿದರೆ ಚಿಂದಿಯ ರಾಶಿ. ಸಾವಿರ ವರ್ಷಕ್ಕೂ ಹೆಚ್ಚು ಬದುಕಿದ ಗಿಡಗಳಿವೆ. ಬರಗಾಲದಲ್ಲಿ ಓರಿಕ್ಸ್ ಇದರ ಎಲೆ ಅಗಿದು ರಸ ಹೀರಿ ನಾರನ್ನು ಉಗುಳುತ್ತದೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡು ಕೊಂಬು, ಎರಡು ಎಲೆ. ಕೊಂಬೂ ಬುಡದಿಂದಲೇ ಬೆಳೆಯುವುದು, ಎಲೆಯೂ ಬುಡದಿಂದಲೇ. ಇಲ್ಲಿ ಅಂಟಿಸಬೇಕಾದದ್ದೇನೂ ಇಲ್ಲ. ಕೊಂಬಿಗೆ ಎಲೆಯ ಬುದ್ಧಿ ಕೊಟ್ಟರೆ ಆಯಿತು.

ಇದಕ್ಕೆ ಮಂಜುಗೊಂಬ ಎಂದು ಹೆಸರಿಡೋಣ. ಹುಟ್ಟಿದ ಕೆಲವು ವರ್ಷ ಇದರ ಕೊಂಬು ಓರಿಕ್ಸ್‌ನಂತೆಯೇ ನೇರ, ಗಟ್ಟಿ. ಆಮೇಲೆ ಬುಡದಿಂದ ಬರುವ ಭಾಗ ಚಪ್ಪಟೆಯಾಗತೊಡಗುತ್ತದೆ. ತೂಕಕ್ಕೆ ಹಿಂದಕ್ಕೆ ಬಾಗಿ, ಬೆನ್ನ ಮೇಲಿಂದ ಇಳಿದು, ತುದಿ ಸೀಳುತ್ತದೆ. ಉಗುರಿನಂಥ ವಸ್ತುವಾದ್ದರಿಂದ ಸೀಳಿದರೆ ನೋವಿಲ್ಲ. ಪಟ್ಟಿಗಳ ಉದ್ದಕ್ಕೂ ಸಣ್ಣ ಗೀರುಗಳು. ಬೆಳಗಿನ ಜಾವ ಮಂಜು ಬಂದಾಗ ಪ್ರಾಣಿ ಕಡಲಿಗೆ ಮುಖ ಮಾಡಿ ಕತ್ತು ತಗ್ಗಿಸುತ್ತದೆ. ಪಟ್ಟಿಗಳು ಗಾಳಿಗೆ ಎದ್ದು ಹನಿ ಹಿಡಿಯುತ್ತವೆ. ನೀರು ಗೀರುಗಳಲ್ಲಿ ಬುಡಕ್ಕೆ ಹರಿದು, ಮುಖದ ಕಪ್ಪು ಪಟ್ಟೆಯ ಮೇಲೆ ಇಳಿದು ಬಾಯಿಗೆ ಬರುತ್ತದೆ. ಆ ಕಪ್ಪು ಪಟ್ಟೆ ಈಗ ಅಂದಕ್ಕೆ ಮಾತ್ರ ಇರುವುದಲ್ಲ, ಕಾಲುವೆ.

ಇಷ್ಟು ಕೊಟ್ಟ ಮೇಲೆ ಏನನ್ನಾದರೂ ಕಿತ್ತುಕೊಳ್ಳಲೇಬೇಕು. ಬರೀ ಲಾಭವೇ ಇರುವ ಪ್ರಾಣಿಯಲ್ಲಿ ಕಥೆ ಹುಟ್ಟುವುದಿಲ್ಲ. ಮಂಜುಗೊಂಬಕ್ಕೆ ವಯಸ್ಸಾದಂತೆ ನೀರು ಜಾಸ್ತಿ ಸಿಗುತ್ತದೆ, ಕಾದಾಡುವ ಶಕ್ತಿ ಕಡಿಮೆಯಾಗುತ್ತದೆ. ಕೊಂಬಿನಿಂದ ಸಿಂಹವನ್ನು ತಿವಿಯಬಲ್ಲವು ಎಳೆಯವು ಮಾತ್ರ. ಆದ್ದರಿಂದ ಹಿಂಡಿನಲ್ಲಿ ಒಂದು ಒಪ್ಪಂದವಿದೆ. ಎಳೆಯವು ಹೊರಗೆ ನಿಲ್ಲುತ್ತವೆ, ಮುದಿಯವು ನಡುವೆ. ಬೆಳಿಗ್ಗೆ ಎಳೆಯವು ಬಂದು ಮುದಿಯವುಗಳ ಪಟ್ಟಿಯಿಂದ ತೊಟ್ಟಿಕ್ಕುವ ನೀರು ನೆಕ್ಕುತ್ತವೆ. ಹಿಂಡಿನಲ್ಲಿ ಮುದಿ ಪ್ರಾಣಿ ಸತ್ತರೆ ಬಾಯಾರಿಕೆ, ಎಳೆಯದು ಸತ್ತರೆ ಸಿಂಹ.

ಇದರ ಜಾಡು ಹಿಡಿಯುವವರಿಗೆ ಗೊರಸಿನ ಗುರುತಿನ ಎರಡೂ ಪಕ್ಕ ಮರಳಿನಲ್ಲಿ ಎಳೆದ ಗೆರೆಗಳು ಕಾಣುತ್ತವೆ. ಗೆರೆ ಎಷ್ಟು ಅಗಲವೋ ಅಷ್ಟು ಮುದಿ ಪ್ರಾಣಿ. ಆದರೆ ವಯಸ್ಸು ಲೆಕ್ಕ ಹಾಕಲು ಬರುವುದಿಲ್ಲ. ಏಕೆಂದರೆ ಎಲೆಯ ಹಾಗೆ ಇದರಲ್ಲೂ ಹಳೆಯ ತುದಿ ಉದುರಿಹೋಗಿರುತ್ತದೆ.

ವೆಲ್‌ವಿಚಿಯಾದಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆಬೇರೆ, ಎರಡಕ್ಕೂ ಪೈನ್ ಮರದ ಕಾಯಿಯಂಥ ಶಂಕುಗಳು ಬಿಡುತ್ತವೆ. ಅವನ್ನೂ ಕೊಂಬಿನ ಬುಡಕ್ಕೆ ತರಬಹುದು ಎಂದು ಆಸೆಯಾಗುತ್ತದೆ. ನಾನು ತರುವುದಿಲ್ಲ. ಒಂದು ಪ್ರಾಣಿಗೆ ಗಿಡದಿಂದ ಒಂದು ಗುಣ ಸಾಕು. ಎರಡನೆಯದು ಬಂದ ಕೂಡಲೇ ಮೊದಲನೆಯದರ ಮೇಲಿನ ಕಣ್ಣು ತಪ್ಪುತ್ತದೆ.

ಕೈಹಾಕುವ ಮೊದಲು

ರಾಷ್ಟ್ರೀಯ ಪ್ರಾಣಿಯನ್ನು ಬಳಸುವಾಗ ಅದು ಆ ದೇಶಕ್ಕೆ ಏಕೆ ಗುರುತಾಯಿತು ಎಂದು ಒಮ್ಮೆ ಓದಿಕೊಳ್ಳಿ. ಕೆಲವು ಪೂಜೆಗೆ ಸೇರಿದವು, ಕೆಲವು ಯುದ್ಧದ ನೆನಪಿಗೆ ಸೇರಿದವು. ಅವನ್ನು ರಾಕ್ಷಸನನ್ನಾಗಿ ಮಾಡಿದರೆ ಅಲ್ಲಿನವರಿಗೆ ಬೇರೆಯೇ ಅರ್ಥ ಬರುತ್ತದೆ. ಹುಲಿ, ನವಿಲು, ಆಲದ ಮರ ಯಾರು ಬೇಕಾದರೂ ಬರೆಯಬಹುದು. ಸರ್ಕಾರದ ಲಾಂಛನವನ್ನೇ ತೆಗೆದು ನಿಮ್ಮ ಗೇಮ್‌ನ ಲೋಗೋ ಮಾಡಿಕೊಳ್ಳುವುದು ಬೇರೆ ವಿಷಯ. ಭಾರತದಲ್ಲಿ ಅದಕ್ಕೆ 1950ರ ಮತ್ತು 2005ರ ಕಾಯ್ದೆಗಳು ಅಡ್ಡ ಬರುತ್ತವೆ.

ಚಿತ್ರಕ್ಕೆ ಕೂತಾಗ ಪ್ರಾಣಿ ನಿಂತಿರುವ ಠೀವಿಯ ಚಿತ್ರವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಅದು ನೀರು ಕುಡಿಯುವುದನ್ನು ಬರೆಯಿರಿ, ಆಮೇಲೆ ಮಲಗಿದ್ದು ಏಳುವುದನ್ನು. ಏಳುವಾಗ ಯಾವ ಕಾಲು ಮೊದಲು? ಆ ಪಟ್ಟಿಗಳು ಎಲ್ಲಿಗೆ ಹೋಗುತ್ತವೆ? ಕಾಲಿನ ಅಡಿಗೆ ಸಿಕ್ಕಿಕೊಳ್ಳುವುದಿಲ್ಲವೇ? ಮಂಜುಗೊಂಬದ ವಿಷಯದಲ್ಲಿ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಮುದಿಯವು ಏಳುವ ಮೊದಲು ತಲೆಯನ್ನು ಒಂದು ಪಕ್ಕಕ್ಕೆ ಜೋರಾಗಿ ಒದರುತ್ತವೆ, ಆ ಸದ್ದಿಗೆ ಹಿಂಡೆಲ್ಲ ಏಳುತ್ತದೆ.